ಪಾಲಾದ ಬಂದೂಕು

ಹೆದರುವವನ ಕೈಗೆ ಆಯುಧ ಕೊಟ್ಟು ಮೋಜು ನೋಡುವ ಚಾಳಿ ದೇವರಿಗೆ ಮೊದಲಿನಿಂದಲೂ ಇದ್ದಂತೆ ಕಾಣುತ್ತದೆ. ನಾನು ಸುರಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರ. ದೀಪಾವಳಿಯ ಸುರುಸುರು ಬತ್ತಿಯನ್ನು ಕೂಡ ತೋಳು ಚಾಚಿ, ಮುಖ ತಿರುಗಿಸಿಕೊಂಡು ಹಿಡಿಯುವವನು. ಬಚ್ಚಲಲ್ಲಿ ಚೇಳು ಕಂಡರೆ ನಾನು ಹೊರಗೆ ಬರುತ್ತೇನೆ, ನನ್ನ ಹೆಂಡತಿ ಶಾಂತಾ ಚಪ್ಪಲಿ ಹಿಡಿದು ಒಳಗೆ ಹೋಗುತ್ತಾಳೆ. ಇಂಥ ನನ್ನ ಹೆಸರಿನಲ್ಲಿ ಸರಕಾರ ಒಂದು ಬೇಟೆಯ ಬಂದೂಕಿಗೆ ಲೈಸೆನ್ಸ್ ಕೊಟ್ಟಿದೆ. ಅಪ್ಪ ತೀರಿಕೊಂಡ ಮೇಲೆ ಅವರ ಮಂಡಿನೋವು, ಬೋಳುತಲೆ ಮತ್ತು ಬಂದೂಕು ಈ ಮೂರೂ ಕ್ರಮವಾಗಿ ನನಗೇ ಬಂದವು. ಮೊದಲೆರಡಕ್ಕೆ ಔಷಧಿಯಾದರೂ ಇದೆ. ಓಣಿಯವರಿಗೆ ನಮ್ಮದು ಇವತ್ತಿಗೂ 'ಬಂದೂಕಿನ ಮನಿ'. ನನಗೆ ಹೆಣ್ಣು ಕೊಡುವಾಗ ಮಾವನವರು ಹುಡುಗನನ್ನು ಸರಿಯಾಗಿ ನೋಡಲೇ ಇಲ್ಲವಂತೆ. ಪಡಸಾಲೆಯ ಗೋಡೆ ನೋಡಿ, "ಹುಡುಗ ಹೆಂಗರ ಇರ್ಲಿ, ಗ್ವಾಡಿ ಮ್ಯಾಲ ಬಂದೂಕು ಐತಿ" ಎಂದು ವೀಳ್ಯ ಹಾಕಿಕೊಂಡರಂತೆ. ಇದನ್ನು ಶಾಂತಾ ನನಗೆ ಆಗಾಗ ನೆನಪಿಸುತ್ತಾಳೆ.

ಈ ಬಂದೂಕು ನಮ್ಮಲ್ಲಿಗೆ ಬಂದದ್ದು ಅಜ್ಜನ ಕಾಲದಲ್ಲಿ. ಅಜ್ಜ ಶಹಾಪುರದ ಹತ್ತಿರದ ಸಗರದವನು. ಹೈದರಾಬಾದಿನಿಂದ ಶಿಕಾರಿಗೆ ಬರುತ್ತಿದ್ದ ಒಬ್ಬ ಜಾಗೀರದಾರನಿಗೆ ಗುಡ್ಡದ ದಾರಿ ತೋರಿಸುವುದು, ಹೆಜ್ಜೆ ಗುರುತಿಸುವುದು ಅವನ ಕೆಲಸವಾಗಿತ್ತು. ಒಂದು ಸಲ ಜಾಗೀರದಾರನ ಮೇಲೆ ಏನೋ ಎರಗಲು ಬಂದಾಗ ಅಜ್ಜ ಅಡ್ಡ ಬಿದ್ದು ಉಳಿಸಿದನಂತೆ, ಮೆಚ್ಚಿ ಅವನು ತನ್ನ ಕೈಯಲ್ಲಿದ್ದ ಬಂದೂಕನ್ನೇ ಇನಾಮು ಕೊಟ್ಟನಂತೆ. ಎರಗಲು ಬಂದದ್ದು ಏನು ಎಂಬುದು ಮಾತ್ರ ಇವತ್ತಿಗೂ ತೀರ್ಮಾನವಾಗಿಲ್ಲ. ನಾನು ಚಿಕ್ಕವನಿದ್ದಾಗ ಅದು ಕಾಡುಹಂದಿಯಾಗಿತ್ತು. ಹೈಸ್ಕೂಲಿಗೆ ಬರುವ ಹೊತ್ತಿಗೆ ಚಿರತೆಯಾಯಿತು. ನನ್ನ ಮದುವೆಯ ಊಟದಲ್ಲಿ ಅವ್ವ ಬೀಗರಿಗೆ ಹೇಳುವಾಗ ಅದು ಹುಲಿಯಾಗಿ, ಮಗ್ಗುಲಲ್ಲಿ ಇನ್ನೊಂದು ಹುಲಿಯೂ ಬಂದು ನಿಂತಿತ್ತು.

ಬಂದೂಕು ಸ್ವೀಡನ್ ದೇಶದ್ದು ಎಂದು ಅಪ್ಪ ಹೇಳುತ್ತಿದ್ದರು. ಇದನ್ನು ಊರಲ್ಲಿ ಒಬ್ಬರೂ ಒಪ್ಪಲಿಲ್ಲ. ಮಿಲಿಟರಿಯಿಂದ ನಿವೃತ್ತರಾದ ಪಕ್ಕದ ಮನೆಯವರು ದೂರದಿಂದಲೇ "ಜರ್ಮನ್ ಮಾಲು, ಕಣ್ಣು ಮುಚ್ಚಿ ಹೇಳ್ತೀನಿ" ಎಂದರು. ಅವರು ಹಾಗೆ ಹೇಳಿದಾಗ ನಿಜಕ್ಕೂ ಕಣ್ಣಿನ ಆಪರೇಷನ್ ಆಗಿ ಕಣ್ಣು ಮುಚ್ಚಿಕೊಂಡೇ ಇದ್ದರು. ನಮ್ಮ ಶಾಲೆಯ ಹೆಡ್‌ಮಾಸ್ತರು, "ಸ್ವೀಡನ್ನಿನವ್ರು ಗಡಿಯಾರ ಮಾಡ್ತಾರ್ರಿ, ಬಂದೂಕಲ್ಲ" ಎಂದು ನನಗೆ ಭೂಗೋಳ ಕಲಿಸಿದರು. ಅದು ಸ್ವಿಟ್ಜರ್ಲೆಂಡ್ ಸರ್ ಎನ್ನಲು ಬಾಯಿ ತೆರೆದೆ. ನನ್ನ ರಜೆಯ ಅರ್ಜಿ ಅವರ ಮೇಜಿನ ಮೇಲಿದ್ದದ್ದು ಕಂಡು ಮುಚ್ಚಿದೆ.

ಇಷ್ಟಾದರೂ ಇದ್ದದ್ದು ಪೂರ್ತಿ ಬಂದೂಕಾಗಿದ್ದರೆ ನನಗೆ ಸಿಟ್ಟು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿರುವುದು ಬಂದೂಕಿನ ಒಂದು ಪಾಲು. ಅಜ್ಜ ತೀರಿದ ಮೇಲೆ ಅಪ್ಪನಿಗೂ ಕಾಕಾನಿಗೂ ಆಸ್ತಿ ಪಾಲಾಯಿತು. ಹೊಲಕ್ಕೆ ಬದು ಹಾಕಿದರು, ಬಾವಿಗೆ ಸರದಿ ಹಚ್ಚಿದರು, ಕುರಿಗಳನ್ನು ಎಣಿಸಿ ಅರ್ಧರ್ಧ ಮಾಡಿದರು. ಕೊನೆಗೆ ಬಂದೂಕು ಉಳಿಯಿತು. ಅಪ್ಪ, "ಹಿರಿಮಗ ನಾನು, ನನಗ ಸೇರಬೇಕು" ಅಂದರು. ಕಾಕಾ, "ಅಪ್ಪನ ಸಂಗಟ ಗುಡ್ಡ ಅಡ್ಡಾಡಿದಾವ ನಾನು, ನಂಗ ಸೇರಬೇಕು" ಅಂದ. ಸಗರದ ಹಿರಿಯರು ಇಡೀ ದಿನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ತೀರಿಸಿ ಒಂದು ಫೈಸಲಾ ಕೊಟ್ಟರು: ಕಟ್ಟಿಗೆ ಮತ್ತು ನಳಿಗೆ ಹಿರಿಯವನಿಗೆ, ಚಿಲಕ ಕಿರಿಯವನಿಗೆ. ಚಿಲಕ ಎಂದರೆ ಬಂದೂಕಿನ ಹಿಂದಿನ ಉಕ್ಕಿನ ಬೋಲ್ಟು. ನಮ್ಮ ಬಾಗಿಲಿನ ಚಿಲಕದಂತೆಯೇ ಹಿಡಿಕೆ ಎತ್ತಿ, ಹಿಂದಕ್ಕೆ ಎಳೆದು, ಮುಂದಕ್ಕೆ ದೂಡಿ ಕೆಳಗೆ ಒತ್ತುವಂಥದ್ದು. ಅದಿಲ್ಲದಿದ್ದರೆ ಬಂದೂಕು ಒಂದು ಉದ್ದನೆಯ ಊದುಗೊಳವೆ. ಬಂದೂಕಿಲ್ಲದಿದ್ದರೆ ಅದು ಯಾವ ಬಾಗಿಲಿಗೂ ಹೊಂದದ ಚಿಲಕ. ಇಬ್ಬರಿಗೂ ಸಮ ಆಯಿತೆಂದು ಹಿರಿಯರು ಎದ್ದು ಹೋದರು. ಭಾಗಾಕಾರವನ್ನು ನಾನು ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದೇನೆ, ಇಂಥ ಭಾಗಾಕಾರ ಯಾವ ಪುಸ್ತಕದಲ್ಲೂ ಕಂಡಿಲ್ಲ.

ಆ ಪಾಲಿನ ದಿನ ಒಂದು ತಾಮ್ರದ ಹಂಡೆಯ ಮೇಲೆ ಅವ್ವನಿಗೂ ಕಾಕಾನಿಗೂ ಮಾತು ಬೆಳೆದು, ಅಂದಿನಿಂದ ಅವರಿಬ್ಬರೂ ನೇರವಾಗಿ ಮಾತಾಡುವುದನ್ನು ಬಿಟ್ಟರು. ಅಪ್ಪ ಸುರಪುರಕ್ಕೆ ಬಂದು ನೆಲೆಸಿದರು, ಕಾಕಾ ಸಗರದಲ್ಲೇ ಉಳಿದ. ಆದರೆ ಮಹಾನವಮಿಗೆ ಆಯುಧ ಪೂಜೆ ಆಗಬೇಕಲ್ಲ. ಅರ್ಧ ಆಯುಧಕ್ಕೆ ಪೂಜೆ ಮಾಡಿದರೆ ಅಜ್ಜನ ಆತ್ಮ ಒಪ್ಪುವುದಿಲ್ಲವೆಂದು ಇಬ್ಬರಿಗೂ ಒಂದೇ ನಂಬಿಕೆ. ಹಾಗಾಗಿ ಪ್ರತಿ ಮಹಾನವಮಿಗೆ ಕಾಕಾ ಚಿಲಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು, ಶಹಾಪುರದಲ್ಲಿ ಬಸ್ಸು ಬದಲಿಸಿ ಸುರಪುರಕ್ಕೆ ಬರುತ್ತಾನೆ. ಬಂದೂಕಿನ ಪಕ್ಕದಲ್ಲಿ ಚಿಲಕ ಇಡುತ್ತಾರೆ. ಪೂಜೆ, ಹೋಳಿಗೆ, ನನ್ನ ಮೂಲಕ ಒಂದಿಷ್ಟು ಜಗಳ. ಸಂಜೆಯ ಬಸ್ಸಿಗೆ ಚಿಲಕ ಮತ್ತು ಕಾಕಾ ವಾಪಸು.

ಈ ಪೂಜೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ನನ್ನ ಸಂಕಟವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಮೊದಲು ಕಾನೂನಿನದು ಹೇಳಿಬಿಡುತ್ತೇನೆ. ಅಪ್ಪ ಇರುವಾಗ ಅವರೂ ಕಾಕಾನೂ ಕೂಡಿ ಹೋಗಿ ಬಂದೂಕು ತೋರಿಸಿ ಲೈಸೆನ್ಸ್ ಮುಂದುವರಿಸಿಕೊಂಡು ಬರುತ್ತಿದ್ದರು. ನನ್ನ ಹೆಸರಿಗಾದ ಮೇಲೆ ಮುಂದುವರಿಸಲು ಹೋದದ್ದು ಇದು ಮೊದಲ ಸಲ. ಆಯುಧ ನೋಡುವ ಸಾಹೇಬರು ಬಹಳ ಸೌಮ್ಯವಾಗಿಯೇ ಹೇಳಿದರು: "ಮಾಸ್ತರ, ಬಂದೂಕು ಪೂರಾ ಇರಬೇಕು. ಚಿಲಕ ಸರಾಗ ಹೋಗಿ ಬರಬೇಕು. ಬಂದೂಕಿನ ಮ್ಯಾಲಿನ ನಂಬರೂ ಚಿಲಕದ ನಂಬರೂ ಬರಾಬರ್ ಕೂಡಬೇಕು. ಇಲ್ಲಂದ್ರ ಜಮಾ ಮಾಡಿಬಿಡ್ರಿ, ನಿಮಗೂ ತ್ರಾಸ ತಪ್ಪತೈತಿ." ಅವರ ಕೊನೆಯ ಮಾತು ನನ್ನ ಕಿವಿಗೆ ಜೇನು ಹೊಯ್ದಂತಾಯಿತು. ಇಷ್ಟು ವರ್ಷ ಎಲೆಕ್ಷನ್ ಬಂದಾಗಲೆಲ್ಲ ಬಂದೂಕನ್ನು ಹೆಗಲ ಮೇಲೆ ಹೊತ್ತು ಠಾಣೆಗೆ ಜಮಾ ಮಾಡಲು ಹೋಗುವುದು, ದಾರಿಯಲ್ಲಿ ನನ್ನದೇ ವಿದ್ಯಾರ್ಥಿಗಳು "ಸರ್ ಶಿಕಾರಿಗೆ ಹೊಂಟಾರ" ಎಂದು ಹಲ್ಲು ಕಿರಿಯುವುದು, ಎಲೆಕ್ಷನ್ ಮುಗಿಯುವ ತನಕ ಅವ್ವ ಖಾಲಿ ಗೋಡೆ ನೋಡಿ, ಹಾಸ್ಟೆಲಿಗೆ ಹೋದ ಮೊಮ್ಮಗನ ಬಗ್ಗೆ ಕೇಳಿದಂತೆ "ಅಲ್ಲಿ ಧೂಳ ಹೊಡೀತಾರೋ ಇಲ್ಲೋ" ಎಂದು ಕೊರಗುವುದು, ಎಲ್ಲಕ್ಕೂ ಒಮ್ಮೆಗೇ ಮಂಗಳ ಹಾಡಬಹುದಿತ್ತು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. "ಬಂದೂಕು ಈ ಮನಿ ಹೊಸ್ತಲ ದಾಟಿ ಹೋದ ದಿನಾ ನಾನು ಬಾಯಾಗ ನೀರು ಹಾಕಂಗಿಲ್ಲ" ಅಂದಳು. ಎಲೆಕ್ಷನ್ನಿಗೆ ದಾಟುತ್ತದಲ್ಲ ಎಂದೆ. "ಅದು ತಿರುಗಿ ಬರ್ತೈತಿ" ಅಂದು ಮತ್ತೆ ಮೊರ ಎತ್ತಿಕೊಂಡಳು. ಅವ್ವನ ಉಪವಾಸದ ಬಗ್ಗೆ ಓದುಗರಿಗೆ ಗೊತ್ತಿರಲಿಕ್ಕಿಲ್ಲ. ಹಿಂದೊಮ್ಮೆ ಅವಳು ಮನೆಯಲ್ಲಿ ಟಿವಿ ಬೇಡವೆಂದು ಉಪವಾಸ ಕೂತು, ನಾವು ಟಿವಿಯನ್ನು ಅಂಗಡಿಗೆ ಹಿಂತಿರುಗಿಸಿದೆವು. ಮರುತಿಂಗಳು ಟಿವಿ ಬೇಕೆಂದು ಉಪವಾಸ ಕೂತಳು. ಎರಡೂ ಸಲ ಗೆದ್ದವಳು ಅವಳೇ. ಹಾಗಾಗಿ ನಾನು ತೆಪ್ಪಗೆ ಫೋನ್ ತೆಗೆದು ಸಗರಕ್ಕೆ ಹಚ್ಚಿದೆ. ಚಿಲಕ ಯಾರ ಕೈಯಲ್ಲಾದರೂ ಕಳಿಸು ಕಾಕಾ ಎಂದೆ. "ನಮ್ಮಪ್ಪನ ಚಿಲಕ ಮಂದಿ ಕೈಯಾಗ ಕೊಡೂದಿಲ್ಲ. ನಾನೇ ಬರ್ತೀನಿ. ಚಹಾಕ್ಕ ಸಕ್ರಿ ಕಡಿಮಿ ಹಾಕಂತ ನಿಮ್ಮವ್ವಗ ಹೇಳು" ಎಂದು ಫೋನ್ ಇಟ್ಟ.

ಕಾಕಾ ಬಂದ. ಕೆಂಪು ವಸ್ತ್ರ ಬಿಚ್ಚಿದ. ನಾನು ಬಂದೂಕನ್ನು ಗೋಡೆಯಿಂದ ಇಳಿಸಿ ಚಿಲಕವನ್ನು ಅದರ ಜಾಗದಲ್ಲಿ ತೂರಿಸಲು ನೋಡಿದೆ. ಹೋಗಲಿಲ್ಲ. ತಿರುಗಿಸಿ ನೋಡಿದೆ, ಹೋಗಲಿಲ್ಲ. ಕಾಕಾ ಕಸಿದುಕೊಂಡು ಉಸಿರು ಕಟ್ಟಿ ದೂಡಿದ. ಅದು ಬೆರಳಿನಷ್ಟು ಹೋಗಿ ಮುನಿಸಿಕೊಂಡು ನಿಂತಿತು. ಅಪ್ಪ ತೀರಿದ ಮೇಲೆ ಇವೆರಡನ್ನೂ ಯಾರೂ ಕೂಡಿಸಿಯೇ ಇರಲಿಲ್ಲ, ಅಕ್ಕಪಕ್ಕ ಇಟ್ಟು ಕೈ ಮುಗಿದದ್ದಷ್ಟೆ. ಇನ್ನೇನು ಮಾಡುವುದೆಂದು ನಾನು ಫೋನಿನಲ್ಲಿ ಹುಡುಕಿದೆ. ಒಂದು ವಿಡಿಯೊದಲ್ಲಿ ಗಡ್ಡದ ಬಿಳಿಯ ದೊರೆಯೊಬ್ಬ ಇಂಥದ್ದೇ ಹಳೆಯ ಸ್ವೀಡನ್ ಬಂದೂಕನ್ನು ಮೇಜಿನ ಮೇಲೆ ಮಲಗಿಸಿ, ಕೂಸಿಗೆ ಸ್ನಾನ ಮಾಡಿಸುವಂತೆ ಒರೆಸುತ್ತ ಪಾಠ ಹೇಳುತ್ತಿದ್ದ. ನಳಿಗೆಯ ಬುಡದಲ್ಲಿ ಸಣ್ಣ ಕಿರೀಟದ ಮುದ್ರೆ ಇರುತ್ತದೆ ನೋಡಿ, ಮೈಮೇಲಿನ ಸಂಖ್ಯೆ ಚಿಲಕದ ಮೇಲೂ ಇರುತ್ತದೆ ನೋಡಿ, ಎಡಗಡೆ ಒಂದು ಪುಟ್ಟ ಕೀಲಿದೆ, ಅದನ್ನು ಹೊರಕ್ಕೆ ಎಳೆದರೆ ಮಾತ್ರ ಚಿಲಕ ಒಳಗೆ ಹೋಗಿ ಹೊರಗೆ ಬರುತ್ತದೆ. ಇಷ್ಟು ಹೇಳಿ ಅವನು ಬೆರಳೆತ್ತಿ ಎಚ್ಚರಿಸಿದ: ಉಕ್ಕಿಗೆ ಅಡಿಗೆ ಎಣ್ಣೆ ಹಚ್ಚಬೇಡಿ, ಅದು ಅಂಟಾಗಿ ಗಟ್ಟಿಯಾಗುತ್ತದೆ, ಹುಳಿ ತಾಗಿಸಬೇಡಿ, ತುಕ್ಕು ಹಿಡಿಯುತ್ತದೆ, ಪುಡಿ ಬೀಳದಂತೆ ನೋಡಿಕೊಳ್ಳಿ.

ನಾನು ಫೋನ್ ಕೆಳಗಿಟ್ಟು ನಮ್ಮ ಬಂದೂಕನ್ನು ನೋಡಿದೆ. ಈಗ ಪೂಜೆಯ ವಿಷಯ. ಅವ್ವ ಪ್ರತಿ ಮಹಾನವಮಿಗೆ ಅದಕ್ಕೆ ಕೊಬ್ಬರಿ ಎಣ್ಣೆಯಿಂದ ಅಭ್ಯಂಗ ಮಾಡಿಸುತ್ತಾಳೆ. ಮೇಲೆ ಅರಿಷಿಣ, ಕುಂಕುಮ, ಮೂರು ಗೆರೆ ವಿಭೂತಿ. ಎಲ್ಲೆಲ್ಲಿ ಸಂದು ಕಾಣುತ್ತದೋ ಅಲ್ಲಿ ಅಕ್ಷತೆ. ದೃಷ್ಟಿಯಾಗದಿರಲೆಂದು ನಳಿಗೆಯ ತುದಿಗೆ ಒಂದು ನಿಂಬೆಹಣ್ಣು ಚುಚ್ಚಿ, ಮುಂದಿನ ಅಮಾವಾಸ್ಯೆ ತನಕ ಹಾಗೇ ಬಿಡುತ್ತಾಳೆ. ದೊರೆ ಬೇಡವೆಂದ ಪಟ್ಟಿಯಲ್ಲಿ ನಾವು ಬಿಟ್ಟದ್ದು ಒಂದೂ ಇರಲಿಲ್ಲ. ಕಾಕಾನ ಪಾಲಿನ ಕಥೆಯೇನೂ ಬೇರೆಯಲ್ಲ. ಅವನು ಚಿಲಕಕ್ಕೆ ತುಪ್ಪ ಸವರಿ, ಭಂಡಾರದ ಅರಿಷಿಣ ಎರಚಿ, ನೆಲದಡಿ ಜೋಳ ತುಂಬುವ ಹಗೇವಿನ ಹತ್ತಿರ ಇಟ್ಟಿದ್ದ. ಹಿಮದ ಸೀಮೆಯಲ್ಲಿ ಹುಟ್ಟಿ, ಕೆಟ್ಟ ಚಳಿಗೂ ಜಗ್ಗದೆ ಬಂದ ಉಕ್ಕು ನಮ್ಮ ಭಕ್ತಿಗೆ ಸೋತು ಕೂತಿತ್ತು.

ಮುಂದಿನ ಎರಡು ದಿನ ನಾನು ಪಡಸಾಲೆಯಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆ. ಎದುರಿಗೆ ಕಾಕಾ, ಪಕ್ಕಕ್ಕೆ ಅವ್ವ. ಅವರಿಬ್ಬರ ನಡುವೆ ಅಂತರ ಒಂದು ಮೊಳವೂ ಇರಲಿಲ್ಲ, ಆದರೆ ಮಾತೆಲ್ಲ ನನ್ನ ಮೇಲಿಂದಲೇ ಹಾಯಬೇಕು.

"ಸೀಮೆಎಣ್ಣಿ ಹಚ್ಚು ಅಂತ ನಾನು ಹೇಳಿದ್ದೆ, ನಿಮ್ಮವ್ವಗ ಕೇಳು, ಕೊಬ್ರಿ ಎಣ್ಣಿ ಯಾಕ ಹಚ್ಚಿದ್ಳಂತ" ಎಂದ ಕಾಕಾ.

"ತುಪ್ಪಾ ತಿಂದು ಸೊಕ್ಕಿದ ಚಿಲಕ ನಮ್ದಲ್ಲಂತ ಹೇಳು ನಿಮ್ಮ ಕಾಕಾಗ" ಎಂದಳು ಅವ್ವ.

ನಾನು ದಾಟಿಸುವ ಮೊದಲೇ ಇಬ್ಬರಿಗೂ ಕೇಳಿಸಿಯೇ ಇತ್ತು. ಸೀಮೆಎಣ್ಣೆ ಈಗ ಎಲ್ಲಿ ಸಿಗಬೇಕು, ಡೀಸೆಲ್ ತಂದೆ. ಸಂದುಗಳಿಗೆ ಹಲ್ಲುಜ್ಜುವ ಬ್ರಷ್ ಬೇಕಾಯಿತು. ಶಾಂತಾ ತಂದುಕೊಟ್ಟಳು. ಅದು ನನ್ನದೇ ಎಂದು ತಿಳಿದದ್ದು ಮಾರನೆಯ ಬೆಳಿಗ್ಗೆ. ನಳಿಗೆಯೊಳಗೆ ದಾರ ಕಟ್ಟಿ ಎಳೆಯಲು ಮೆತ್ತಗಿನ ಬಟ್ಟೆ ಬೇಕೆಂದೆ. ಅಜ್ಜನ ಧೋತರವೇ ಆಗಬೇಕೆಂದು ಕಾಕಾ ಹಟ ಹಿಡಿದ. ಅದು ದೇವರ ಮನೆಯ ಗಂಟಿನಲ್ಲಿದೆ, ಕೊಡುವುದಿಲ್ಲವೆಂದು ಅವ್ವ. ಕೊನೆಗೆ ಇಬ್ಬರೂ ಒಮ್ಮತಕ್ಕೆ ಬಂದರು, ನನ್ನ ಹೊಸ ಬನಿಯನ್ ಹರಿದರು. ಪಾಲಾದ ಮೇಲೆ ಈ ಮನೆಯಲ್ಲಿ ಆದ ಮೊದಲ ಒಮ್ಮತ ಅದು. ನಳಿಗೆಯಿಂದ ಮೊದಲು ಹೊರಬಂದದ್ದು ಅಕ್ಷತೆ, ಆಮೇಲೆ ಎರಡು ಸತ್ತ ಜೇಡ, ಆಮೇಲೆ ಕರ್ಪೂರದ ತುಣುಕು. ಅವ್ವ ಕರ್ಪೂರವನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

ಕಟ್ಟಿಗೆಯದು ಇನ್ನೊಂದು ಫಜೀತಿ. ಚಳಿಯ ನಾಡಿನ ಕಟ್ಟಿಗೆ ನಮ್ಮ ಯಾದಗಿರಿ ಸೀಮೆಯ ಬಿಸಿಲಿಗೆ ಒಣಗಿ, ಹಿಮ್ಮಡಿಯಂತೆ ಬಿರುಕು ಬಿಟ್ಟಿತ್ತು. ಗಡ್ಡದ ದೊರೆ ಅದಕ್ಕೆ ಒಂದು ಎಣ್ಣೆ ಹೇಳಿದ. ಹೆಸರು ಕೇಳಿದರೆ ಬೆಂಗಳೂರಿನಿಂದಲೇ ತರಿಸಬೇಕು ಎನ್ನುವಂತಿತ್ತು. ನಾನು ನಡುವೆ ಶಾಲೆಗೆ ಹೋಗಿ ವಿಜ್ಞಾನದ ಮಾಸ್ತರನ್ನು ಕೇಳಿದೆ, ಅವರು ಡಿಕ್ಷನರಿ ನೋಡಿದರು, ಅರ್ಥ ಸಿಕ್ಕಿತು: ಅಗಸೆ ಎಣ್ಣೆ. ಮನೆಗೆ ಬಂದು ಹೇಳಿದೆ. ಶಾಂತಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ಅಗಸಿ ಹಿಂಡಿ ದಿನಾ ರೊಟ್ಟಿ ಸಂಗಟ ತಿಂತೀರಿ. ಅದರ ಎಣ್ಣಿ ಹುಡುಕಾಕ ಫಾರಿನ್‌ಗೆ ಹೋಗಿದ್ರೇನು" ಎಂದು ಗಾಣಕ್ಕೆ ಹೋಗಿ ಎಣ್ಣೆ ತಂದಳು. ಜೊತೆಗೆ ಒಂದು ಸೇರು ಅಗಸೆಯನ್ನೂ ತಂದು, ಹುರಿದು, ಬಳ್ಳೊಳ್ಳಿ, ಖಾರ ಹಾಕಿ ಹಿಂಡಿ ಕುಟ್ಟಿದಳು. ಕಟ್ಟಿಗೆ ಎಣ್ಣೆ ಕುಡಿಯಿತು, ಕಾಕಾ ರೊಟ್ಟಿಯ ಮೇಲೆ ಹಿಂಡಿ ಹಾಕಿಕೊಂಡು ಉಂಡ. ಇಬ್ಬರ ಮೈಗೂ ಹೊಳಪು ಬಂತು.

ಎರಡನೆಯ ದಿನ ಮಧ್ಯಾಹ್ನ ಕುಂಕುಮದ ಪದರದ ಕೆಳಗೆ ಕಿರೀಟ ಕಾಣಿಸಿತು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ಪುಟ್ಟ, ಚೂಪಾದ, ಅಚ್ಚುಕಟ್ಟು ಕಿರೀಟ. ನನಗೆ ನಿಜವಾಗಿಯೂ ಖುಷಿಯಾಯಿತು. ಅಪ್ಪ ಇಷ್ಟು ವರ್ಷ ಹೇಳಿದ್ದು ಸುಳ್ಳಲ್ಲ. "ನೋಡ್ರಿ, ಸ್ವೀಡನ್ ರಾಜರ ಕಿರೀಟ" ಎಂದು ತೋರಿಸಿದೆ.

ಕಾಕಾ ಬಗ್ಗಿ ನೋಡಿದ. "ಇದು ನಮ್ಮ ಸುರಪುರ ದೊರಿಗೋಳ ಕಿರೀಟ" ಅಂದ.

"ಅಲ್ಲ, ಸ್ವೀಡನ್ ಅಂತ ದೇಶ ಐತಿ ಕಾಕಾ."

"ಎಲ್ಲಿ, ಬೀದರ ದಾಟಿ ಮುಂದೇನು?"

"ಬಹಳ ಮುಂದ."

"ಅಷ್ಟು ದೂರದವ್ರಿಗೆ ಇಲ್ಲೇನು ಕೆಲಸ. ದೊರಿಗೋಳದೇ ಇದು" ಎಂದು ಕಾಕಾ ತೀರ್ಪು ಬರೆದ. ನೈಜಾಮನದು ಇರಬೇಕು ಎಂದು ಅವ್ವ ನನಗೆ ಹೇಳಿದಳು, ಅವನಿಗೆ ಕೇಳಿಸುವಂತೆ. ನಾನು ಸ್ವೀಡನ್ನನ್ನು ಅಲ್ಲಿಗೇ ಕೈಬಿಟ್ಟು ಸಂಖ್ಯೆ ಹುಡುಕಿದೆ. ಬಂದೂಕಿನ ಮೈಮೇಲೆ ಒಂದು, ಅರಿಷಿಣ ಕೆರೆದ ಮೇಲೆ ಚಿಲಕದ ಮೇಲೆ ಒಂದು. ಒಂದೊಂದೇ ಅಂಕಿ ಓದಿ ಕೂಡಿಸಿ ನೋಡಿದೆ. ಒಂದೇ. ಎಡಗಡೆಯ ಪುಟ್ಟ ಕೀಲನ್ನು ಉಗುರಿನಿಂದ ಎಳೆದು ಹಿಡಿದು ಚಿಲಕ ತೂರಿಸಿದೆ. ಅದು ತವರಿಗೆ ಬಂದವಳಂತೆ ಸೀದಾ ಒಳಗೆ ಹೋಗಿ, ಹಿಡಿಕೆ ಒತ್ತಿದಾಗ 'ಕಟಕ್' ಎಂದು ಕೂತಿತು. ಕಾಕಾ ತಾನೂ ಒಮ್ಮೆ ಹಿಡಿಕೆ ಎತ್ತಿ ಒತ್ತಿ ನೋಡಿದ. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಚಹಾಕ್ಕೆ ಎದ್ದಳು. ಸಕ್ಕರೆ ಕಡಿಮೆ ಹಾಕಿದ್ದಳು.

ಮರುದಿನ ಸಾಹೇಬರು ಹಿಡಿಕೆ ಎತ್ತಿ, ಎಳೆದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎರಡೂ ಸಂಖ್ಯೆ ಓದಿದರು. "ಭಾಳ ಚಲೋ ಇಟ್ಟೀರಿ ಮಾಸ್ತರ" ಎಂದರು. ನಾನು ಉಬ್ಬಿದೆ. "ಒಂದೇ ಮಾತು. ಹಿಂಗ ಚಿಲಕ ಹಾಕಿ ಗ್ವಾಡಿಗೆ ತೂಗಬ್ಯಾಡ್ರಿ. ತೆಗೆದು ಬ್ಯಾರೆ ಕಡೆ ಭದ್ರ ಇಡ್ರಿ. ಕಳ್ಳ ಒಯ್ದರೂ ಅರ್ಧಾ ಒಯ್ತಾನ." ಉಬ್ಬಿದ್ದೆಲ್ಲ ಇಳಿಯಿತು. ಸಗರದ ಹಿರಿಯರ ಯಾವ ಫೈಸಲಾವನ್ನು ನಾನು ಇಷ್ಟು ವರ್ಷ ಬೈದಿದ್ದೆನೋ, ಅದನ್ನೇ ಸಾಹೇಬರು ನನಗೆ ಬುದ್ಧಿವಾದವಾಗಿ ಹೇಳುತ್ತಿದ್ದರು.

ಮನೆಗೆ ಬಂದು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಗೆದ್ದ ಸಂಭ್ರಮದಲ್ಲಿ ಸಾಹೇಬರ ಮಾತನ್ನೂ ಹೇಳಿಬಿಟ್ಟೆ. ಚಿಲಕವನ್ನು ಅಲಮಾರಿಯಲ್ಲಿಟ್ಟು ಕೀಲಿ ಹಾಕುತ್ತೇನೆ ಎಂದು ಕೀಲಿಕೈ ಹುಡುಕಲು ಹೊರಟೆ. ಸಗರಕ್ಕೆ ಹೊರಟು ನಿಂತ ಕಾಕಾ ಆ ಖಾಲಿ ಕೆಂಪು ವಸ್ತ್ರವನ್ನು ಮಡಚುತ್ತಿದ್ದ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದ. ಅವ್ವ ಅದನ್ನು ನೋಡಿದಳು. ಬಂದೂಕಿನ ಹತ್ತಿರ ಹೋಗಿ, ಹಿಡಿಕೆ ಎತ್ತಿ, ಎಡಗಡೆಯ ಕೀಲನ್ನು ಒಂದು ಬೆರಳಿನಿಂದ ಎಳೆದು, ಅಪ್ಪ ಮಾಡುತ್ತಿದ್ದಂತೆಯೇ ಚಿಲಕವನ್ನು ಸರ್ರನೆ ಹೊರಗೆ ತೆಗೆದಳು. ತಂದು ಕಾಕಾನ ಮುಂದೆ ಇಟ್ಟಳು.

"ಅವ್ವಾ, ಲೈಸೆನ್ಸ್ ನನ್ನ ಹೆಸರಿಲೆ ಐತಿ. ಬ್ಯಾರೇರ ಮನ್ಯಾಗ ಇಡಾಕ ಬರೂದಿಲ್ಲ" ಎಂದೆ.

"ಯಾವುದು ಬ್ಯಾರೇರ ಮನಿ?" ಎಂದಳು ಅವ್ವ. "ಇದೂ ಇಲ್ಲೇ ಕುಂತ್ರ ಮಹಾನವಮಿಗೆ ಇವರು ಯಾಕ ಬರ್ತಾರ? ನೀ ಕರದ್ರ ಬರ್ತಾರೇನು? ನಾ ಕರಿಯಂಗಿಲ್ಲ, ಅವರು ಬರಂಗಿಲ್ಲ. ನಿಮ್ಮಪ್ಪ ಹೋದ ಮ್ಯಾಲ ಆ ಮನಿಯಿಂದ ಈ ಮನಿಗೆ ಬರಾಕ ಉಳಿದಿದ್ದು ಇದೊಂದ."

ನಾನು ಅವಳ ಉಪವಾಸದ ಬೆದರಿಕೆಯನ್ನು ಬಂದೂಕಿನ ಜಂಬ ಎಂದುಕೊಂಡಿದ್ದೆ. ಕಾಕಾ ಚಿಲಕವನ್ನು ವಸ್ತ್ರದಲ್ಲಿ ಸುತ್ತಿದ, ಗಂಟು ಹಾಕಿದ, ಕೆಮ್ಮಿದ. ಆಮೇಲೆ ನನ್ನ ಕಡೆ ನೋಡದೆ, "ವೈನಿ, ಅಗಸಿ ಹಿಂಡಿ ಉಳಿದಿದ್ರ ಒಂದಿಷ್ಟು ಕಟ್ರಿ" ಎಂದ. ನನಗೆ ನೆನಪಿದ್ದಂತೆ ಅವನು ಅವ್ವನೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅವ್ವ, "ಕಟ್ಟೇ ಇಟ್ಟೀನಿ" ಅಂದಳು.

ಬಸ್ ನಿಲ್ದಾಣದ ತನಕ ಚೀಲ ಹೊತ್ತವನು ನಾನು. ಒಳಗೆ ಹಿಂಡಿಯ ಡಬ್ಬಿ, ಅದರ ಕೆಳಗೆ ಚಿಲಕ. ದಾರಿಯಲ್ಲಿ ಸಾಹೇಬರ ಜೀಪು ಎದುರು ಬಂದಾಗ ನಾನು ಚೀಲವನ್ನು ಎದೆಗವಚಿಕೊಂಡು ಒಂದು ಪಾನ್ ಅಂಗಡಿಯ ಮರೆಗೆ ನಿಂತೆ. ಕಾಕಾ ಮಾತ್ರ ನಡುರಸ್ತೆಯಲ್ಲಿ ನಿಂತು ಅವರಿಗೆ ರಾಮರಾಮ ಹೇಳಿದ. ಈಗ ಗೋಡೆಯ ಮೇಲೆ ಬಂದೂಕು ಫಳಫಳ ಹೊಳೆಯುತ್ತಿದೆ, ಚಿಲಕ ಸಗರದಲ್ಲಿ ಮತ್ತೆ ತುಪ್ಪ ತಿನ್ನುತ್ತಿರಬೇಕು, ಲೈಸೆನ್ಸು ನನ್ನ ತಲೆಯ ಮೇಲಿದೆ. ಇದಕ್ಕೆಲ್ಲ ಅವ್ವನ ಮೇಲೆ ಸಿಟ್ಟು ಮಾಡೋಣವೆಂದು ಎಷ್ಟೋ ಸಲ ಕೂತೆ, ಆಗಲಿಲ್ಲ. ಒಂದು ಬೆರಳಿಗೆ ಹೊರಬರುವಷ್ಟು ನುಣುಪಾಗಿ ಆ ಚಿಲಕವನ್ನು ತಿಕ್ಕಿಟ್ಟವನು ನಾನೇ, ಅದೂ ನನ್ನ ಬ್ರಷ್ಷಿನಿಂದ.